ಹರಳು ನೋಡಿ ಅಗ್ನಿಶಿಲೆಯ ಹುಟ್ಟನ್ನು ತಿಳಿಯುವ ಬಗೆ

ಕರಗಿದ ಕಲ್ಲು ಆರಿ ಗಟ್ಟಿಯಾದ ಅಗ್ನಿಶಿಲೆಯನ್ನು ಗುರುತಿಸಲು ಒಂದು ಭೂತಗನ್ನಡಿ, ಸ್ವಲ್ಪ ನೀರು ಮತ್ತು ಹೊಸದಾಗಿ ಒಡೆದ ಕಲ್ಲು ಸಾಕು. ಮಳೆ ಬಿಸಿಲಿಗೆ ಮಾಸಿದ ಹೊರಮೈಯನ್ನು ನಂಬಬಾರದು. ಒಡೆದ ಮುಖವನ್ನು ತೊಳೆದು, ತೇವ ಆರುವ ಮುನ್ನವೇ ನೋಡಬೇಕು.

ಮೊದಲು ಗಮನಿಸಬೇಕಾದದ್ದು ಹರಳುಗಳ ಗಾತ್ರ. ರಾಮನಗರದ ಬೆಟ್ಟಗಳ ಗ್ರಾನೈಟಿನಲ್ಲಿ ತೆಳುಗುಲಾಬಿ ಬಣ್ಣದ, ಕೆಲವೆಡೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾದ ಫೆಲ್ಡ್‌ಸ್ಪಾರ್ ಹರಳುಗಳೂ, ಅವುಗಳ ನಡುವೆ ಗಾಜಿನಂಥ ಬೆಣಚೂ, ಕಪ್ಪಗೆ ಮಿನುಗುವ ಅಭ್ರಕವೂ ಬರಿಗಣ್ಣಿಗೇ ಕಾಣುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಮೇಲೇರಿದ ಶಿಲಾಪಾಕವು, ಎಂದರೆ ಕರಗಿದ ಕಲ್ಲು, ನೆಲದ ಮೇಲಕ್ಕೆ ಬಾರದೆ ಆಳದಲ್ಲೇ ನಿಂತು, ಸುತ್ತಲಿನ ಬಂಡೆಗಳು ಶಾಖವನ್ನು ಹಿಡಿದಿಟ್ಟಿದ್ದರಿಂದ ಬಹು ನಿಧಾನವಾಗಿ ಆರಿತು. ಹರಳುಗಳಿಗೆ ಬೆಳೆಯಲು ಸಾವಕಾಶ ಸಿಕ್ಕಿತು. ಅಲುಗಿಸದೆ ಇಟ್ಟ ಸಕ್ಕರೆ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವುದೂ ಹೆಚ್ಚುಕಡಿಮೆ ಹೀಗೆಯೇ. ಮೇಲಿನ ಬಂಡೆಗಳೆಲ್ಲ ಸವೆದುಹೋದ ಮೇಲಷ್ಟೇ ಈ ಬೆಟ್ಟಗಳು ಬೆಳಕು ಕಂಡವು.

ವಿಜಯಪುರದ ಕಪ್ಪು ಬಸಾಲ್ಟಿನಲ್ಲಾದರೋ ಭೂತಗನ್ನಡಿಯಲ್ಲೂ ಹರಳು ಬಿಡಿಸಿ ಕಾಣುವುದು ಕಷ್ಟ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಗಾಳಿಗೆ ಬೇಗ ಆರಿದ್ದೇ ಇದಕ್ಕೆ ಕಾರಣ. ಕಲ್ಲಿನಲ್ಲಿ ಸಣ್ಣ ಗುಳಿಗಳಿದ್ದರೆ ಅವು ಅನಿಲದ ಗುಳ್ಳೆಗಳು ಉಳಿಸಿಹೋದ ಗುರುತು.

ಬಣ್ಣವನ್ನು ಆಮೇಲೆ ನೋಡಿದರೆ ಸಾಕು. ಬೆಣಚಿನ ಮೂಲವಸ್ತುವಾದ ಸಿಲಿಕಾ ಹೆಚ್ಚಿದ್ದರೆ ಕಲ್ಲು ಸಾಮಾನ್ಯವಾಗಿ ತಿಳಿ, ಕಬ್ಬಿಣ ಮೆಗ್ನೀಷಿಯಂ ಹೆಚ್ಚಿದ್ದರೆ ಕಪ್ಪು. ಅಂಗಡಿಯ ಹೆಸರು ಮಾತ್ರ ದಾರಿ ತಪ್ಪಿಸೀತು: ‘ಕಪ್ಪು ಗ್ರಾನೈಟ್’ ಎಂದು ಮಾರುವ ಚಾಮರಾಜನಗರದ ಕಲ್ಲು ವಾಸ್ತವವಾಗಿ ಬಸಾಲ್ಟಿನ ಬಳಗಕ್ಕೇ ಸೇರಿದ ಡಾಲರೈಟ್ ಎಂಬ ಅಗ್ನಿಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಗ್ರಾನೈಟಿನಂತೆ ತೋರುತ್ತದೆ. ಆದರೆ ಅದರ ಮೈಮೇಲೆ ಹರಿಯುವ ಕಪ್ಪು ಬಿಳಿ ಪಟ್ಟಿಗಳು ಅದು ಒತ್ತಡ ಮತ್ತು ಶಾಖದಿಂದ ಮಾರ್ಪಟ್ಟ ನೈಸ್ ಶಿಲೆಯೆಂದು ಹೇಳುತ್ತವೆ.

ಕಲ್ಲನ್ನು ಹೀಗೆ ಗುರುತಿಸುವುದು ಬೇಸಾಯಕ್ಕೂ ಉಪಯೋಗಕ್ಕೆ ಬರುತ್ತದೆ. ಬಸಾಲ್ಟ್ ಶಿಥಿಲವಾಗಿ ಆದ ಎರೆಮಣ್ಣು ತೇವವನ್ನು ಹಿಡಿದಿಡುವುದರಿಂದಲೇ ಹಿಂಗಾರಿ ಜೋಳ ಮಳೆಯಿಲ್ಲದ ತಿಂಗಳುಗಳಲ್ಲೂ ನಿಲ್ಲುತ್ತದೆ. ಗ್ರಾನೈಟಿನ ಸೀಮೆಯಲ್ಲಿ ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಒಂದೇ ಹೊಲದಲ್ಲಿ ಒಂದು ಕೊಳವೆಬಾವಿ ತುಂಬಿ ಬಂದು, ಹತ್ತು ಮಾರು ಆಚೆಯದು ಒಣಗಿರುವುದು ಅದಕ್ಕಾಗಿಯೇ.