ಪ್ರತಿ ಅಕ್ಟೋಬರ್‌ಗೂ ಒಡೆಯದ ಮಾಡ್ಯೂಲ್

ಉಡುಪಿ, ಮಂಗಳೂರಿನ ಮುದ್ರಣಾಲಯಗಳಿಗೆ ಈಗ ಮ್ಯಾಟರ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ, ಯೂನಿಕೋಡ್ ಕನ್ನಡದಲ್ಲಿ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನ ಮೇಳದ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಎಲ್ಲವೂ ಹಾಗೆಯೇ. ಆದರೆ ಪುಟ ಕಟ್ಟುವ ಕೆಲಸ ಕೆಲವೆಡೆ ಇನ್ನೂ ಪೇಜ್‌ಮೇಕರ್‌ನಲ್ಲಿ, ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ನಡೆಯುತ್ತದೆ. ಇವೆರಡರ ನಡುವೆ ಪಠ್ಯವನ್ನು ಪರಿವರ್ತಿಸುವ ಪೈಥಾನ್ ಭಾಷೆಯ ಮಾಡ್ಯೂಲ್ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡಿನ ಕಟ್ಟು) ಒಂದನ್ನು ನಾನು ಮಂಗಳೂರಿನಲ್ಲಿ ಕುಳಿತು ನೋಡಿಕೊಳ್ಳುತ್ತಿದ್ದೇನೆ. ಒಳಗಿನ ಕೆಲಸವೆಲ್ಲ ಸಿ ಭಾಷೆಯಲ್ಲಿದೆ. ಬರೆದವರು ಬೇರೆ ಊರಿಗೆ, ಬೇರೆ ಕೆಲಸಕ್ಕೆ ಹೋದ ಮೇಲೆ ಅದು ನನ್ನ ಕೈಗೆ ಬಂತು.

ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಈ ಪರಿವರ್ತನೆ ಮುಗಿಯುವುದಿಲ್ಲ. ‘ಸೂರ್ಯ’ ಎಂಬಲ್ಲಿ ಯೂನಿಕೋಡ್ ಉಚ್ಚಾರಣೆಯ ಕ್ರಮ ಹಿಡಿಯುತ್ತದೆ: ರಕಾರ, ಹಲಂತ, ಆಮೇಲೆ ಯಕಾರ. ಹಳೆಯ ಫಾಂಟ್‌ಗಳದು ಕಣ್ಣಿಗೆ ಕಾಣುವ ಕ್ರಮ: ಯಕಾರ ಮೊದಲು, ಅರ್ಕಾವೊತ್ತು ನಂತರ. ‘ಸ್ತ್ರೀ’ ಇನ್ನೂ ತಂಟೆಯದು. ಫಾಂಟ್‌ನಲ್ಲಿ ಮೊದಲು ‘ಸಿ’, ಆಮೇಲೆ ತಕಾರದ ಒತ್ತು, ರಕಾರದ ಒತ್ತು, ಕೊನೆಗೆ ದೀರ್ಘ. ಇಷ್ಟಾದರೂ ಈ ಭಾಗದ ಕೋಡ್ ಒಮ್ಮೆ ಸರಿಯಾದರೆ ಸರಿಯಾದಂತೆಯೇ. ನನ್ನ ಶನಿವಾರಗಳನ್ನು ನುಂಗುವುದು ಪೈಥಾನ್ ಮತ್ತು ಸಿ ಸೇರುವ ಗಡಿ.

ಪೈಥಾನ್‌ನ ಹೊಸ ಆವೃತ್ತಿ ಈಗ ವರ್ಷಕ್ಕೊಮ್ಮೆ, ಅಕ್ಟೋಬರ್‌ನಲ್ಲಿ ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ 3.12 ಬಂದಾಗ ನಮ್ಮ ಮಾಡ್ಯೂಲ್ ಎರಡು ಕಡೆ ಮುರಿಯಿತು. ಸ್ಟ್ರಿಂಗ್‌ನ (ಪೈಥಾನ್ ಹಿಡಿದಿಡುವ ಪಠ್ಯದ) ಒಳಗಿನ ಅಕ್ಷರಗಳನ್ನು ನೇರವಾಗಿ ಓದಲು ಮೂಲ ಲೇಖಕರು ಬಳಸಿದ್ದ ಹಳೆಯ ಮ್ಯಾಕ್ರೋಗಳು (ಸಿಯ ಸಿದ್ಧ ತುಣುಕುಗಳು) 3.3ರಿಂದಲೇ ‘ಬಳಸಬೇಡಿ’ ಎಂಬ ಪಟ್ಟಿಯಲ್ಲಿದ್ದವು, 3.12 ಅವನ್ನು ಕಿತ್ತೇ ಹಾಕಿತು. ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಕೂಡ ಅದೇ ಆವೃತ್ತಿಯಲ್ಲಿ ಹೋಯಿತು. ಹೊಸ ಕಂಪ್ಯೂಟರ್‌ಗೆ ಹೊಸ ಪೈಥಾನ್ ಹಾಕಿಕೊಂಡಿದ್ದ ಮುದ್ರಣಾಲಯದವರೊಬ್ಬರು ಫೋನ್ ಮಾಡಿ, “ನಾವು ಏನನ್ನೂ ಮುಟ್ಟಲಿಲ್ಲ ಮಾರಾಯರೇ, ಅದೇ ನಿಂತುಹೋಯಿತು” ಎಂದರು. ಹೇಳಿದ್ದು ನಿಜವೇ ಆಗಿತ್ತು.

ಆ ಎರಡು ಜಾಗಕ್ಕೆ ತೇಪೆ ಹಚ್ಚಿ ಮುಗಿಸಬಹುದಿತ್ತು. ನಾನು ಕೋಡನ್ನೇ ಎರಡು ಪಾಲು ಮಾಡಿದೆ. ಒಂದು ಪಾಲಿಗೆ ಪೈಥಾನ್ ಎಂಬುದು ಇದೆಯೆಂದೇ ಗೊತ್ತಿಲ್ಲ: ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ರೀತಿ) ಬೈಟ್‌ಗಳನ್ನೂ ಅವುಗಳ ಉದ್ದವನ್ನೂ ತೆಗೆದುಕೊಳ್ಳುತ್ತದೆ, ಬೈಟ್‌ಗಳನ್ನೇ ಹಿಂದಿರುಗಿಸುತ್ತದೆ. ಪೈಥಾನ್‌ನ ಫಂಕ್ಷನ್‌ಗಳನ್ನು ಸಿಗೆ ಪರಿಚಯಿಸುವ ಹೆಡರ್ ಫೈಲ್ ಅದರೊಳಗೆ ಕಾಲಿಡುವಂತಿಲ್ಲ. ಇನ್ನೊಂದು ಪಾಲು ಅದನ್ನು ಪೈಥಾನ್‌ಗೆ ಸೇರಿಸುವ ತೆಳ್ಳಗಿನ ಹೊದಿಕೆ. ಮೊದಲನೆಯದನ್ನು ಇಂಟರ್‌ಪ್ರಿಟರ್ (ಪೈಥಾನ್ ಕೋಡನ್ನು ಓಡಿಸುವ ಪ್ರೋಗ್ರಾಂ) ಇಲ್ಲದೆಯೇ, ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಪರೀಕ್ಷಿಸಬಹುದು. ಬಗ್ ಯಾವ ಪಾಲಿನದು ಎಂಬ ವಾದವೇ ಉಳಿಯಲಿಲ್ಲ.

ಹೊದಿಕೆಯನ್ನು ಪೈಥಾನ್‌ನ ಲಿಮಿಟೆಡ್ ಎಪಿಐಗೆ ಕಟ್ಟಿಹಾಕಿದೆ. 2011ರಲ್ಲಿ 3.2ರ ಜೊತೆ ಬಂದ ಈ ವ್ಯವಸ್ಥೆಯಲ್ಲಿ, ಮುಂದಿನ ಮೂರನೇ ಸರಣಿಯ ಆವೃತ್ತಿಗಳಲ್ಲೂ ಉಳಿಯುತ್ತವೆಂದು ಮಾತುಕೊಟ್ಟ ಫಂಕ್ಷನ್‌ಗಳನ್ನಷ್ಟೇ ಕರೆಯಬಹುದು. ನಾನು ಆರಿಸಿದ ಗೆರೆ 3.10. ಸ್ಟ್ರಿಂಗ್‌ನ ಯುಟಿಎಫ್-8 ರೂಪವನ್ನು ಉದ್ದದ ಸಮೇತ ಕೊಡುವ ಫಂಕ್ಷನ್ ಈ ಪಟ್ಟಿಗೆ ಸೇರಿದ್ದು ಆ ಆವೃತ್ತಿಯಲ್ಲಿ.

ಆ ಫಂಕ್ಷನ್‌ಗೆ ಕನ್ನಡದವರು ತಿಳಿದಿರಬೇಕಾದ ಒಂದು ಗುಣವಿದೆ. ‘ಮಂಗಳೂರು’ ಪದದಲ್ಲಿ ಏಳು ಕೋಡ್‌ಪಾಯಿಂಟ್‌ಗಳು (ಒಂದೊಂದು ಅಕ್ಷರಕ್ಕೆ, ಚಿಹ್ನೆಗೆ ಯೂನಿಕೋಡ್ ಕೊಟ್ಟ ಸಂಖ್ಯೆಗಳು). ಪೈಥಾನ್ ಅವನ್ನು ತಲಾ ಎರಡು ಬೈಟ್‌ನಂತೆ 14 ಬೈಟ್‌ಗಳಲ್ಲಿ ಇಡುತ್ತದೆ. ಯುಟಿಎಫ್-8ರಲ್ಲಿ ತಲಾ ಮೂರು, ಒಟ್ಟು 21. ಒಮ್ಮೆ ಕೇಳಿದರೆ ಆ 21 ಬೈಟ್‌ಗಳನ್ನೂ ಪೈಥಾನ್ ಅದೇ ಸ್ಟ್ರಿಂಗ್‌ಗೆ ಅಂಟಿಸಿ, ಸ್ಟ್ರಿಂಗ್ ಸಾಯುವವರೆಗೂ ಇಟ್ಟುಕೊಳ್ಳುತ್ತದೆ. ಬರಿಯ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿಗಳ) ಪಠ್ಯಕ್ಕೆ ಈ ಎರಡನೆಯ ಪ್ರತಿಯೇ ಬೇಡ, ಹಾಗಾಗಿ ಇಂಗ್ಲಿಷ್ ಪಠ್ಯದಲ್ಲಿ ಪರೀಕ್ಷಿಸುವವರಿಗೆ ಇದು ಕಾಣುವುದೇ ಇಲ್ಲ. ಒಂದು ಸಾಲಿಗಾದರೆ ಚಿಂತೆಯಿಲ್ಲ. ಇಡೀ ಪ್ರಸಂಗ ಪುಸ್ತಕವನ್ನು ಒಂದೇ ಸ್ಟ್ರಿಂಗ್ ಆಗಿ ಕೊಡುವವರಿಗಾಗಿ, ಬೇರೆಯೇ ಬೈಟ್ಸ್ ಆಬ್ಜೆಕ್ಟ್ ಕೊಡುವ ಹಳೆಯ ಫಂಕ್ಷನ್ ಬಳಸಿ, ಕೆಲಸ ಮುಗಿದೊಡನೆ ಬಿಟ್ಟುಬಿಡುತ್ತೇನೆ.

ಬಿಟ್ಟುಬಿಡುವುದರಲ್ಲೇ ಎಲ್ಲ ಇರುವುದು. ಪೈಥಾನ್‌ನಲ್ಲಿ ಪ್ರತಿ ಆಬ್ಜೆಕ್ಟ್‌ಗೂ ತನ್ನನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ ಇರುತ್ತದೆ, ಅದು ಸೊನ್ನೆಯಾದಾಗಲೇ ಅದರ ಮೆಮೊರಿ ಬಿಡುಗಡೆ. ಸಿಯಲ್ಲಿ ಆ ಲೆಕ್ಕ ನಮ್ಮ ತಲೆಯ ಮೇಲೆ. ಪದಗಳನ್ನು ಬಿಡಿಸಿ ಲಿಸ್ಟ್ ಆಗಿ ಕೊಡುವ ನಮ್ಮ ಫಂಕ್ಷನ್‌ನಲ್ಲಿ ಒಂದು ಸಾಲಿತ್ತು: ಹೊಸ ಸ್ಟ್ರಿಂಗ್ ಸೃಷ್ಟಿಸುವ ಕರೆಯನ್ನೇ, ಲಿಸ್ಟ್‌ಗೆ ಸೇರಿಸುವ ಪೈಲಿಸ್ಟ್_ಅಪೆಂಡ್‌ನ ಆವರಣದೊಳಗೆ ತುರುಕಿದ್ದರು. ನೋಡಲು ಚೊಕ್ಕ. ಆದರೆ ಅಪೆಂಡ್ ತನ್ನ ಪಾಲಿಗೆ ಇನ್ನೊಂದು ಎಣಿಕೆ ಏರಿಸುತ್ತದೆ, ನಮ್ಮದನ್ನು ಇಳಿಸುವುದಿಲ್ಲ. ಪಕ್ಕದ ಪೈಲಿಸ್ಟ್_ಸೆಟ್‌ಐಟಂ ನಮ್ಮ ಎಣಿಕೆಯನ್ನೇ ತನ್ನದಾಗಿಸಿಕೊಳ್ಳುತ್ತದೆ. ಒಂದೇ ಮನೆಯ ಇಬ್ಬರದು ಎರಡು ಸ್ವಭಾವ. ಹೀಗಾಗಿ ಪ್ರತಿ ಪದವೂ ಮೆಮೊರಿಯಲ್ಲಿ ಶಾಶ್ವತವಾಗಿ ಉಳಿಯುತ್ತಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಹಳೆಯ ಸಂಚಿಕೆಗಳ ರಾಶಿಯನ್ನು ರಾತ್ರಿಯಿಡೀ ಓಡಿಸಿದಾಗ ಕಂಪ್ಯೂಟರ್ ಉಸಿರುಗಟ್ಟಿತು. ಸ್ಟ್ರಿಂಗನ್ನು ಮೊದಲು ಒಂದು ಹೆಸರಿನಲ್ಲಿ ಹಿಡಿದು, ಸ್ಟ್ರಿಂಗ್ ಸಿಗದೆ ಶೂನ್ಯ (ನಲ್) ಬಂದಿದೆಯೇ ಎಂದು ನೋಡಿ, ಲಿಸ್ಟ್‌ಗೆ ಸೇರಿಸಿ, ಸೇರಿದರೂ ಸೇರದಿದ್ದರೂ ನಮ್ಮ ಎಣಿಕೆ ಇಳಿಸುವ ಪೈ_ಡೆಕ್‌ರೆಫ್ ಕರೆಯುವಂತೆ ಮಾಡಿದ ಮೇಲೆ ನಿಂತಿತು.

ಇಂಥದ್ದನ್ನು ಹಿಡಿಯಲು ನಾನು ಪೈಥಾನನ್ನು ಡೀಬಗ್ ರೂಪದಲ್ಲಿ ಕಟ್ಟಿಟ್ಟುಕೊಂಡಿದ್ದೇನೆ. ಅದರಲ್ಲಿ ಒಟ್ಟು ಎಣಿಕೆಯನ್ನು ಹೇಳುವ ಸಿಸ್.ಗೆಟ್‌ಟೋಟಲ್‌ರೆಫ್‌ಕೌಂಟ್ ಇರುತ್ತದೆ. ಪ್ರತಿ ಫಂಕ್ಷನನ್ನೂ, ಅದರಲ್ಲೂ ಬೇಕೆಂದೇ ಕೆಟ್ಟ ಪಠ್ಯ ಕೊಟ್ಟು, ಮತ್ತೆ ಮತ್ತೆ ಕರೆದು ಸಂಖ್ಯೆ ಏರುತ್ತಲೇ ಇದೆಯೇ ಎಂದು ನೋಡುತ್ತೇನೆ. ಸೋರಿಕೆ ಅಡಗುವುದು ಹೆಚ್ಚಾಗಿ ತಪ್ಪಾದಾಗ ಹೊರಬೀಳುವ ದಾರಿಯಲ್ಲಿ. ಮೆಮೊರಿ ತಪಾಸಣೆಯ ವಾಲ್‌ಗ್ರಿಂಡ್ ಓಡಿಸುವವರು ಪೈಥಾನ್‌ಮ್ಯಾಲಕ್ ಎಂಬ ಪರಿಸರ ಚರಾಂಶವನ್ನು ‘ಮ್ಯಾಲಕ್’ ಎಂದು ಇಡಿ. ಇಲ್ಲವಾದರೆ ಪೈಥಾನ್‌ನ ಸ್ವಂತ ಮೆಮೊರಿ ಹಂಚಿಕೆದಾರ ಸಣ್ಣಪುಟ್ಟ ತುಂಡುಗಳನ್ನು ತನ್ನ ಉಡಿಯಲ್ಲೇ ಮುಚ್ಚಿಟ್ಟುಬಿಡುತ್ತದೆ.

ಹಂಚುವ ಕೆಲಸ ಈಗ ಹಗುರ. ಡಿಟಿಪಿ ಮಾಡುವವರ ವಿಂಡೋಸ್‌ನಲ್ಲಿ ಸಿ ಕಂಪೈಲರ್ ಇರುವುದಿಲ್ಲ, ಇರಬೇಕೆಂದು ಬಯಸುವುದೂ ತಪ್ಪು. ಮೊದಲೇ ಕಟ್ಟಿದ ವ್ಹೀಲ್ (ನೇರವಾಗಿ ಹಾಕಿಕೊಳ್ಳುವ ಪೈಥಾನ್ ಪೊಟ್ಟಣ) ಕೊಡಲೇಬೇಕು. ಲಿಮಿಟೆಡ್ ಎಪಿಐಯಲ್ಲೇ ಕಟ್ಟಿದ್ದೆಂದು ಹೇಳುವ ಎಬಿಐ3 ಗುರುತಿನ ಒಂದೇ ವ್ಹೀಲ್ 3.10ರಿಂದ ಮೇಲಿನ ಎಲ್ಲಕ್ಕೂ ಸಾಕಾಗುವುದರಿಂದ, 3.13 ಬಂದಾಗ ನಾನು ಪರೀಕ್ಷೆ ಓಡಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಸಿಬಿಲ್ಡ್‌ವ್ಹೀಲ್ ಕಟ್ಟುತ್ತದೆ, ಎಬಿಐ3ಆಡಿಟ್ ಪಟ್ಟಿಯ ಆಚೆಗಿನ ಫಂಕ್ಷನ್ ನುಸುಳಿದೆಯೇ ಎಂದು ನೋಡುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ಕ್ಕೆ ತುಳು-ತಿಗಳಾರಿ ಲಿಪಿ ಸೇರಿತು. ನಮ್ಮ ಜಿಲ್ಲೆಗಳ ಮ್ಯಾಟರ್‌ನಲ್ಲಿ ಅದು ಕಾಣಿಸಿಕೊಳ್ಳದೆ ಇರುತ್ತದೆಯೇ? ಅದರ ಕೋಡ್‌ಪಾಯಿಂಟ್‌ಗಳು 65,535ರ ಆಚೆಗಿವೆ, ಯುಟಿಎಫ್-8ರಲ್ಲಿ ತಲಾ ನಾಲ್ಕು ಬೈಟ್. ಒಳಗಿನ ಪಾಲಿನಲ್ಲಿ ‘ಆಸ್ಕಿ ಅಲ್ಲದಿದ್ದರೆ ಮೂರು ಬೈಟ್ ಮುಂದೆ ಹೋಗು’ ಎಂದಿದ್ದ ಜಾಗವನ್ನು ತಿದ್ದಿದೆ. ಹೊದಿಕೆಯ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ.

ಉಳಿದಿರುವುದು ಜಿಐಎಲ್ ಬೀಗವಿಲ್ಲದ ಪೈಥಾನ್. ಒಮ್ಮೆಗೆ ಒಂದೇ ಥ್ರೆಡ್‌ಗೆ, ಅಂದರೆ ಕೆಲಸದ ಒಂದೇ ಎಳೆಗೆ, ಪೈಥಾನ್ ಓಡಿಸಲು ಬಿಡುವ ಬೀಗ ಅದು. 3.13, 3.14ರ ಆ ರೂಪ ಎಬಿಐ3 ವ್ಹೀಲ್‌ಗಳನ್ನು ಒಪ್ಪುವುದಿಲ್ಲ, ಬೇರೆಯದೇ ಕಟ್ಟಬೇಕು. ಬೀಗ ಬೇಡವೆಂದು ಮಾಡ್ಯೂಲ್ ಘೋಷಿಸದಿದ್ದರೆ ಇಂಟರ್‌ಪ್ರಿಟರ್ ಎಚ್ಚರಿಕೆ ಕೊಟ್ಟು ಬೀಗವನ್ನು ತಾನೇ ಹಾಕಿಕೊಳ್ಳುತ್ತದೆ. ನಮ್ಮ ಅಕ್ಷರ ಕೋಷ್ಟಕ ಬದಲಾಗದ್ದು, ಎಷ್ಟು ಥ್ರೆಡ್ ಓದಿದರೂ ತೊಂದರೆಯಿಲ್ಲ. ಬಳಕೆದಾರರು ತಮ್ಮ ವಿನಾಯಿತಿ ಪದಗಳನ್ನು ಸೇರಿಸುವ ಪಟ್ಟಿ ಮಾತ್ರ ಇನ್ನೂ ಎಲ್ಲ ಥ್ರೆಡ್‌ಗಳೂ ಹಂಚಿಕೊಳ್ಳುವ ಸ್ಟ್ಯಾಟಿಕ್ ಚರಾಂಶವಾಗಿ ಕುಳಿತಿದೆ. ಅದನ್ನು ಮಾಡ್ಯೂಲ್‌ನ ಸ್ವಂತ ಮಾಹಿತಿಯ ಜಾಗವಾದ ಮಾಡ್ಯೂಲ್ ಸ್ಟೇಟ್‌ಗೆ ಸರಿಸಿ, ಅದಕ್ಕೊಂದು ಸ್ವಂತ ಲಾಕ್ ಕೊಡುವವರೆಗೆ ಆ ಘೋಷಣೆ ಮಾಡುವುದಿಲ್ಲ. ಮುದ್ರಣಾಲಯದವರು ಯಾರೂ ಅದನ್ನು ಕೇಳಿಲ್ಲವಾದ್ದರಿಂದ ಅವಸರವೂ ಇಲ್ಲ.