ಜೀಪಿನ ಹೆಡ್‌ಲೈಟಿನಿಂದ ದೂರದ ಟಾರ್ಚ್: ನನ್ನ ಅನುಭವ

ಹಳೇ ಜೀಪಿನ ಹೆಡ್‌ಲೈಟ್ ರಿಫ್ಲೆಕ್ಟರಿಗೆ ಎಲ್ಇಡಿ ಕೂರಿಸಿ ದೂರಕ್ಕೆ ಹೊಡೆಯುವ ಟಾರ್ಚ್ ಮಾಡೋಕೆ ಆಗೋದಿಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಈಗ ಅದೇ ಟಾರ್ಚ್ 30 ಮೀಟರ್ ದೂರದಲ್ಲಿ 800 ಲಕ್ಸ್ (ಬಿದ್ದ ಜಾಗದಲ್ಲಿ ಬೆಳಕಿನ ಅಳತೆ) ಆಸುಪಾಸು ಕೊಡುತ್ತಿದೆ. ದೂರದ ವರ್ಗದಿಂದ ಗುಣಿಸಿ ನೋಡಿ, ಏಳು ಲಕ್ಷ ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ಬಲ) ದಾಟುತ್ತದೆ. ಬೆಳಕು ಕಾಲು ಲಕ್ಸಿಗೆ ಇಳಿಯುವ ದೂರವನ್ನೇ ಟಾರ್ಚಿನ ದೂರ ಅಂತ ಹಿಡಿಯೋದು ರೂಢಿ, ಆ ಲೆಕ್ಕಕ್ಕೆ 1.7 ಕಿಲೋಮೀಟರ್. ಕಣ್ಣಿಗೆ ಏನಾದರೂ ನಿಜವಾಗಿ ಗುರುತು ಸಿಗೋದು ಅದರ ಅರ್ಧ ದೂರದವರೆಗೆ, ಅದು ಎಲ್ಲ ಟಾರ್ಚಿಗೂ ಅಷ್ಟೇ. ನನ್ನ ಮೀಟರ್ ಅಗ್ಗದ್ದು, ನೂರು ಲಕ್ಸ್ ಆಚೆ ಈಚೆ ಇರಬಹುದು. ಆದರೂ ಹದಿನೈದು ಸಾವಿರ ಕೊಟ್ಟು ಟಾರ್ಚ್ ತರಿಸಿದ ಗೆಳೆಯ ತನ್ನದನ್ನು ಪಕ್ಕದಲ್ಲಿ ಹಿಡಿದು ನೋಡಿ ಸುಮ್ಮನಾದ.

ಏಳು ಇಂಚಿನ ದುಂಡು ಹೆಡ್‌ಲೈಟ್, ಎಚ್4 ಬಲ್ಬಿನದು, ಗಾಜಿನ ಮೇಲೆ ಗೆರೆ ಗೆರೆ ಇರುವಂಥದ್ದು. ಗೆರೆ ಇದ್ದದ್ದೇ ಬೇಕು. ಅದರಲ್ಲಿ ಬೆಳಕನ್ನು ಹರಡುವ ಕೆಲಸ ಗಾಜಿನದು, ಒಳಗಿನ ರಿಫ್ಲೆಕ್ಟರ್ ನುಣುಪಾದ ಪ್ಯಾರಾಬೋಲಾ (ಬೆಳಕನ್ನು ನೇರ ಕಿರಣ ಮಾಡುವ ಬಟ್ಟಲಿನ ಆಕಾರ) ಆಗಿರುತ್ತದೆ. ಈಗಿನ ಬೈಕು ಕಾರುಗಳ ಸಾದಾ ಗಾಜಿನ ಹೆಡ್‌ಲೈಟಿನಲ್ಲಿ ರಿಫ್ಲೆಕ್ಟರೇ ತುಂಡು ತುಂಡಾಗಿ ಮಡಚಿರುತ್ತದೆ, ಅದು ನಮಗೆ ಕೆಲಸಕ್ಕೆ ಬಾರದು. ಹುಬ್ಬಳ್ಳಿಯ ಗುಜರಿಯಲ್ಲಿ ಒಂದಕ್ಕೆ 150-200 ರೂಪಾಯಿ. ಮೊದಲು ರಾಶಿ ನೋಡಿ ಖುಷಿಯಾಯಿತು, ಮನೆಗೆ ತಂದ ಮೇಲೆ ಗೊತ್ತಾಯಿತು ಮುಕ್ಕಾಲು ಪಾಲು ತುಕ್ಕು. ತುಕ್ಕಿಲ್ಲದ್ದರಲ್ಲೂ ಎಲ್ಲ ನೆಟ್ಟಗಿರೋದಿಲ್ಲ. ಪ್ರೆಸ್ಸಿನಲ್ಲಿ ಒತ್ತಿದ ತಗಡು ತಾನೇ, ಐದು ಮಿಲಿಮೀಟರ್ ಉದ್ದದ ಫಿಲಮೆಂಟಿಗೆ ಸಾಕಾಗುವಷ್ಟು ನೆಟ್ಟಗಿದ್ದರೆ ಮಾಡಿದವರಿಗೆ ಆಯಿತು. ನಮಗೆ ಸಾಲದು. ಗುಜರಿಯಲ್ಲೇ ನಿಂತು ಒಳ್ಳೆಯದನ್ನು ಆರಿಸೋಕೆ ಒಂದು ಉಪಾಯ ಕಂಡುಕೊಂಡಿದ್ದೇನೆ, ಅರ್ಧ ನಿಮಿಷದ ಕೆಲಸ. ಅದು ನನ್ನ ಹತ್ತಿರವೇ ಇರಲಿ, ಇಲ್ಲದಿದ್ದರೆ ನಾಳೆಯಿಂದ ಗುಜರಿಯವನು ಐನೂರು ಕೇಳುತ್ತಾನೆ.

ಗಾಜು ಬಿಡಿಸೋದು ತಾಳ್ಮೆಯ ಕೆಲಸ. ಹಾಟ್ ಏರ್ ಗನ್ ಹಿಡಿದು ಅಂಚಿನ ಅಂಟು ಮೆತ್ತಗಾದ ಮೇಲೆ ನಿಧಾನಕ್ಕೆ ಎಬ್ಬಿಸಬೇಕು. ಪ್ಲಾಸ್ಟಿಕ್ ಬಾಡಿಯದಾದರೆ ಬಿಟ್ಟುಬಿಡಿ, ಸೊಟ್ಟಗಾಗುತ್ತದೆ. ಒಳಗಿನ ಹೊಳಪು ಅಲ್ಯೂಮಿನಿಯಂ ಲೇಪ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೂ ಗೀರು ಬೀಳುತ್ತದೆ. ಧೂಳು ಇದ್ದರೆ ಊದಿ, ಅಷ್ಟೇ.

ಎಲ್ಇಡಿ ವಿಷಯ. ಓಸ್ರಾಮ್ ಕಂಪನಿಯ ವೈಟ್ ಫ್ಲಾಟ್ ಡಬ್ಲ್ಯೂ1 ಅನ್ನೋ ಎಲ್ಇಡಿ ಹಾಕಿದಾಗ ಎಲ್ಲರೂ ಹೇಳುವ ಹಾಗೆ ಚಿಕ್ಕ ಚುಕ್ಕಿ ಬರಬೇಕಿತ್ತು. ಬಂದದ್ದು ಹರಿದ ನಕ್ಷತ್ರ. ಒಂದು ಚದರ ಮಿಲಿಮೀಟರಿನ ಡೈ (ಎಲ್ಇಡಿಯಲ್ಲಿ ಬೆಳಗುವ ತುಣುಕು) ಈ ತಗಡಿನ ಏರುಪೇರಿಗೆ ಅತಿ ಚಿಕ್ಕದು. ಡಬ್ಲ್ಯೂ2, ಅಂದರೆ ಎರಡು ಚದರ ಮಿಲಿಮೀಟರಿನದು, ಹಾಕಿದ ಮೇಲೆ ಸೀಳುಗಳು ತುಂಬಿಕೊಂಡವು. ಪ್ರಖರತೆ ಡಬ್ಲ್ಯೂ1ಕ್ಕಿಂತ ಸ್ವಲ್ಪ ಕಡಿಮೆ, ಆದರೆ ಈ ರಿಫ್ಲೆಕ್ಟರಿಗೆ ಅದೇ ಸರಿ. ಎಲ್ಇಡಿ ಕೂರುವ, ಶಾಖ ಎಳೆಯುವ ತಾಮ್ರದ ಬೋರ್ಡ್ ಸಮೇತ ಆರುನೂರರ ಹತ್ತಿರ ಬಿತ್ತು. ಅಲ್ಯೂಮಿನಿಯಂ ಬೋರ್ಡಿನ ಮೇಲೆ ಐದು ಆಂಪಿಯರ್ ಕೊಟ್ಟರೆ ನೀಲಿ ತಿರುಗಿ ಸಾಯುತ್ತದೆ, ಎರಡು ಹಾಗೇ ಹೋದವು.

ಇನ್ನು ಜಗಳದ ಮಾತು. ಎಲ್ಇಡಿ ಯಾವ ಕಡೆ ನೋಡಬೇಕು? ಮುಂದಕ್ಕೆ ನೋಡಿದರೆ ಮುಕ್ಕಾಲು ಬೆಳಕು ರಿಫ್ಲೆಕ್ಟರಿಗೆ ತಾಗದೆ ಹೊರಗೆ ಹೋಗುತ್ತದೆ, ಆದ್ದರಿಂದ ತಾಮ್ರದ ಪಟ್ಟಿಯ ಮೇಲೆ ಹಿಂದಕ್ಕೆ ತಿರುಗಿಸಿ ಕೂರಿಸು ಅಂತ ಎಲ್ಲರ ಸಲಹೆ. ಹಾಗೇ ಮಾಡಿದೆ. 30 ಮೀಟರಿಗೆ 400 ಲಕ್ಸ್ ದಾಟಲಿಲ್ಲ. ಯಾಕೆ ಅಂತ ನೋಡಲು ವೆಲ್ಡಿಂಗ್ ಗಾಜು ಹಿಡಿದುಕೊಂಡು ದೂರ ಹೋಗಿ ಬೆಳಕಿನ ನೇರಕ್ಕೆ ನಿಂತೆ. ಏಳು ಇಂಚಿನಲ್ಲಿ ಹೊಳೆಯುತ್ತಿದ್ದದ್ದು ನಡುವಿನ ನಾಲ್ಕು ಇಂಚು ಮಾತ್ರ, ಅದರ ನಡುವೆಯೂ ಬಲ್ಬಿನ ತೂತು ಕಪ್ಪಗೆ. ಹೊರಗಿನ ಅಂಚು ಪೂರ್ತಿ ಕತ್ತಲು. ಇದು ಆಳವಾದ ರಿಫ್ಲೆಕ್ಟರ್, ಫೋಕಸ್, ಅಂದರೆ ಎಲ್ಇಡಿ ಕೂರಬೇಕಾದ ಬಿಂದು, ತಳದಿಂದ ಒಂದು ಇಂಚಿನಷ್ಟೇ ಮುಂದೆ. ಹಿಂದಕ್ಕೆ ನೋಡುವ ಎಲ್ಇಡಿಗೆ ಆ ಅಂಚು ಕಾಣೋದೇ ಇಲ್ಲ.

ಆಗ ಮುಂದಕ್ಕೆ ತಿರುಗಿಸಿದೆ. ಮತ್ತೆ ವೆಲ್ಡಿಂಗ್ ಗಾಜಿನಲ್ಲಿ ನೋಡಿದರೆ ಹೊರಗಿನ ಅಂಚೆಲ್ಲ ಬಳೆಯ ಹಾಗೆ ಧಗಧಗ ಹೊಳೆಯುತ್ತಿತ್ತು. ಆ ಬಳೆಯ ಜಾಗ ನಡುವಿನ ತಟ್ಟೆಗಿಂತ ಸುಮಾರು ಎರಡು ಪಟ್ಟು. ಲಕ್ಸ್ ಕೂಡ ಎರಡು ಪಟ್ಟು. ಬೆಳಕು ಕಡಿಮೆ ಸಿಕ್ಕಿತು, ದೂರ ಜಾಸ್ತಿ ಸಿಕ್ಕಿತು. ಲೂಮೆನ್ ಲೂಮೆನ್ (ಒಟ್ಟು ಬೆಳಕಿನ ಅಳತೆ) ಅಂತ ಜಪ ಮಾಡುವವರಿಗೆ ಇದನ್ನು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ದೂರದಿಂದ ನೋಡಿದಾಗ ಕನ್ನಡಿಯ ಎಷ್ಟು ಜಾಗ ಎಲ್ಇಡಿಯಷ್ಟೇ ಪ್ರಖರವಾಗಿ ಕಾಣುತ್ತದೆ, ಲೆಕ್ಕ ಅದರ ಮೇಲೆ.

ಇಲ್ಲಿಗೇ ಬಿಡಲಿಲ್ಲ ನಾನು. ಆ ಹೊರಗೆ ಹೋಗುವ ಮುಕ್ಕಾಲು ಬೆಳಕು ಕಾಲ ಹತ್ತಿರದ ಧೂಳು, ಹುಳ, ಮಂಜಿಗೆಲ್ಲ ಬಿದ್ದು ಕಣ್ಣಿಗೆ ಅಡ್ಡ ಬರುತ್ತದೆ. ಮೂರು ಇಂಚಿಗೆ ಸ್ವಲ್ಪ ಕಡಿಮೆ ಅಗಲದ ಒಂದು ತಗಡಿನ ಬಿಲ್ಲೆಗೆ ಕಪ್ಪು ಬಳಿದು, ತೆಳು ತಂತಿಯ ಮೂರು ಕಾಲು ಕೊಟ್ಟು ಎಲ್ಇಡಿ ಮುಂದೆ ನಿಲ್ಲಿಸಿದೆ. ಮೀಟರ್ ಒಂದು ಚೂರೂ ಇಳಿಯಲಿಲ್ಲ, ಆದರೆ ದೂರದ್ದು ಮೊದಲಿಗಿಂತ ಸ್ಪಷ್ಟ ಕಾಣತೊಡಗಿತು. ದುಡ್ಡು ಕೊಟ್ಟು ಮಾಡಿದ ಬೆಳಕನ್ನು ನೀನೇ ಮುಚ್ಚುತ್ತೀಯಲ್ಲೋ ಅಂತ ನಕ್ಕರು. ನಗಲಿ. ಬಿಲ್ಲೆ ಎಷ್ಟು ಎತ್ತರಕ್ಕೆ ಇರಬೇಕು ಅನ್ನೋದನ್ನು ನೀವೇ ಹುಡುಕಿಕೊಳ್ಳಿ, ಅದರಲ್ಲೇ ಮಜಾ ಇದೆ.

ಎಲ್ಇಡಿ ಕೂರೋದು ಒಂದು ಇಂಚು ದಪ್ಪದ ತಾಮ್ರದ ರಾಡಿನ ತುದಿಗೆ. ರಾಡ್ ಬಲ್ಬಿನ ತೂತಿನಿಂದ ಒಳಗೆ ಬರುತ್ತದೆ, ಹಿಂದಿನ ತುದಿಗೆ ಹಳೇ ಕಂಪ್ಯೂಟರಿನ ಹೀಟ್‌ಸಿಂಕ್. ಗೋಕುಲ ರೋಡಿನ ಒಂದು ಲೇತ್‌ನಲ್ಲಿ ರಾಡಿಗೆ ಒಂದು ಮಿಲಿಮೀಟರ್ ಪಿಚ್ಚಿನ ಥ್ರೆಡ್ ಹಾಕಿಸಿದೆ. ಕಾಲು ಸುತ್ತು ತಿರುಗಿಸಿದರೆ ಕಾಲು ಮಿಲಿಮೀಟರ್, ಫೋಕಸ್ ಅಷ್ಟರಲ್ಲೇ ಬರುತ್ತದೆ, ಅಷ್ಟರಲ್ಲೇ ಹೋಗುತ್ತದೆ. ಲೇತಿನವನು ಮೊದಲು ಪಂಪಿನ ಕೆಲಸ ಬಿಟ್ಟು ಇದನ್ನೆಲ್ಲಿ ಮಾಡಲಿ ಅಂತ ಗೊಣಗಿದ, ಆಮೇಲೆ ತಾಮ್ರ ಸೇರಿ 900 ತಗೊಂಡ. ಮುಂದೆ ಫೋಟೋ ಫ್ರೇಮಿನವರ ಹತ್ತಿರ ಕೊಯ್ಸಿದ ಸಾದಾ ಗಾಜು, 60 ರೂಪಾಯಿ.

ಸೆಲ್ಲಿನಲ್ಲಿ ಮೋಸ ಜಾಸ್ತಿ. 18650 ಅನ್ನೋ ಅಳತೆಯ ಲಿಥಿಯಂ ಸೆಲ್ಲಿನ ಮೇಲೆ 9900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಲೆಕ್ಕ) ಅಂತ ಬರೆದು ಮಾರುತ್ತಾರೆ, ಅಂಥ ಸೆಲ್ ಈ ಭೂಮಿಯ ಮೇಲಿಲ್ಲ. ನಮ್ಮ ಓಣಿಯ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ, 30 ಗ್ರಾಂ ಕೂಡ ಇರಲಿಲ್ಲ. ಒಳ್ಳೇ ಸೆಲ್ 45 ಗ್ರಾಮಿನ ಮೇಲೆ ತೂಗುತ್ತದೆ. ಈಗ 4000 ಎಂಎಎಚ್‌ನ ಮೂರು 21700 ಸೆಲ್ (18650ಗಿಂತ ಸ್ವಲ್ಪ ದೊಡ್ಡದು) ಪ್ಯಾರಲಲ್, ಎಲ್ಇಡಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡೋಕೆ 7135 ಚಿಪ್ಪುಗಳ ಡ್ರೈವರ್. ಎರಡು ತಾಸಿಗೆ ತೊಂದರೆ ಇಲ್ಲ.

ನಡುವೆ ಪುಸ್ತಕದ ಅಕ್ಷರ ದೊಡ್ಡದಾಗಿ ತೋರಿಸುವ ಫ್ರೆಸ್ನೆಲ್ ಶೀಟಿಗೂ (ಗೆರೆ ಗೆರೆಯ ತೆಳು ಪ್ಲಾಸ್ಟಿಕ್ ಲೆನ್ಸ್) ಕೈ ಹಾಕಿದ್ದೆ. ಡೈಯ ಚೌಕ ಚಿತ್ರವೇ ಎದುರು ಮನೆಯ ಗೋಡೆಯ ಮೇಲೆ ಬಂತು, ಅದರ ಪಕ್ಕ ಬಣ್ಣ ಬಣ್ಣದ ಬಳ್ಳಿ. ಹೊಲಕ್ಕೆ ಪ್ರಯೋಜನ ಇಲ್ಲ, ಮಕ್ಕಳಿಗೆ ಖುಷಿ. ಹಳೇ ಕ್ರೀ ಕಂಪನಿಯ ಎಲ್ಇಡಿಯ ಮೇಲಿನ ಪಾರದರ್ಶಕ ಗುಮ್ಮಟವನ್ನು ಪೆಟ್ರೋಲಿನಲ್ಲಿ ನೆನೆಸಿ ತೆಗೆದೂ ನೋಡಿದೆ. ದೂರ ಹೆಚ್ಚಿತು, ಬೆಳಕು ಹಳದಿ ಹಸಿರಿಗೆ ತಿರುಗಿತು. ಡಬ್ಲ್ಯೂ2 ಸಿಗುವಾಗ ಆ ತಲೆನೋವು ಬೇಡ.

ಅಳತೆಗೆ ಅಣ್ಣಿಗೇರಿ ಕಡೆಯ ಎರೆ ಹೊಲಕ್ಕಿಂತ ಒಳ್ಳೇ ಜಾಗ ಇಲ್ಲ. ಕಣ್ಣು ಹಾಯುವಷ್ಟೂ ಸಪಾಟು. ಊರಲ್ಲಿ ನೃಪತುಂಗ ಬೆಟ್ಟದ ಮೇಲಿಂದ ಹೊಡೆಯಬೇಕು ಅಂತ ಆಸೆ ಎಲ್ಲರಿಗೂ ಇರುತ್ತದೆ, ಆದರೆ ವಿಮಾನ ನಿಲ್ದಾಣ ಇರುವ ಊರು, ಆಕಾಶಕ್ಕೆ ಎತ್ತಲೇಬೇಡಿ. ಬೈಪಾಸಿನ ಕಡೆಗೂ ಬೇಡ. ಹೊಲದಲ್ಲಿ ಗೋವಿನಜೋಳಕ್ಕೆ ಹಂದಿ ಬಿದ್ದದ್ದು, ರಾತ್ರಿ ತ್ರೀ ಫೇಸ್ ಬಂದಾಗ ಆಚೆ ಬದುವಿನಲ್ಲಿ ನೀರು ಒಡೆದದ್ದು ಕೂತಲ್ಲಿಂದಲೇ ಕಾಣುತ್ತದೆ. ಚಿಗರಿಯ (ಕೃಷ್ಣಮೃಗದ) ಕಣ್ಣು ಎಷ್ಟು ದೂರದಿಂದ ಹೊಳೆಯುತ್ತವೆ ಅಂದರೆ ಮೊದಲ ಸಲ ನಕ್ಷತ್ರ ಅಂದುಕೊಂಡೆ. ಬೇಟೆಗೆ ಮಾಡಿಕೊಡು ಅಂತ ಕೇಳಿಕೊಂಡು ಬಂದವರೂ ಇದ್ದಾರೆ. ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನ ಪ್ರಾಣಿ, ಜೈಲಿಗೆ ಹೋಗುವ ಕೆಲಸ. ಅಂಥವರಿಗೆ ಬಾಗಿಲಲ್ಲೇ ಇಲ್ಲ ಅಂದೆ.

ಈ ಒಂದಕ್ಕೆ ಸಾಮಾನಿನ ಖರ್ಚು ನಾಲ್ಕು ಸಾವಿರದ ಒಳಗೆ. ಕೆಟ್ಟದ್ದು, ಸುಟ್ಟದ್ದು, ಬಿಸಾಕಿದ್ದು ಎಲ್ಲ ಸೇರಿಸಿದರೆ ಹನ್ನೆರಡು ಹದಿಮೂರು ಸಾವಿರ ಆಗಿರಬೇಕು, ಮನೆಯಲ್ಲಿ ಐದು ಅಂತ ಹೇಳಿದ್ದೇನೆ. ತೂಕ ಎರಡು ಕಿಲೋ ಸಮೀಪ, ಹೆಗಲಿಗೆ ಪಟ್ಟಿ ಬೇಕೇ ಬೇಕು. ಮೊನ್ನೆ ಲೇತಿನವನೇ ತನ್ನ ಮಾವನ ಹೊಲಕ್ಕೆ ಒಂದು ಬೇಕು ಅಂದ. ಆರು ಸಾವಿರ ಹೇಳಿದ್ದೇನೆ, ಥ್ರೆಡ್ ಹಾಕುವ ಕೂಲಿ ಅವನದೇ.