ಬಾಟಲಿಗಳನ್ನೆಲ್ಲಾ ಟೇಬಲ್ ಮೇಲೆ ಇಡಿ

ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿ ಇರುವ ವಿಎ ಕ್ಲಿನಿಕ್ ಒಂದರಲ್ಲಿ ನಾನು ಫಾರ್ಮಸಿಸ್ಟ್. ಆದರೆ ಇಡೀ ದಿನ ಒಂದು ಮಾತ್ರೆಯನ್ನೂ ಮುಟ್ಟುವುದಿಲ್ಲ. ಮಾತ್ರೆ ಎಣಿಸಿ, ಬಾಟಲಿಗೆ ತುಂಬಿ, ಲೇಬಲ್ ಅಂಟಿಸುವ ಕೆಲಸವನ್ನು ದೂರದ ಊರುಗಳಲ್ಲಿರುವ ದೊಡ್ಡ ಯಂತ್ರಗಳು ಮಾಡುತ್ತವೆ. ಮನೆಯಲ್ಲಿದ್ದು ಚಿಕಿತ್ಸೆ ಪಡೆಯುವವರ ಔಷಧಿಗಳಲ್ಲಿ ಸುಮಾರು ಶೇ. 80ರಷ್ಟು ಅಲ್ಲಿಂದಲೇ ಟಪಾಲಿನಲ್ಲಿ ಹೋಗುತ್ತದೆ. ನನ್ನದು ಒಂದು ಪುಟ್ಟ ಕೋಣೆ, ಎರಡು ಮಾನಿಟರ್, ಕಿವಿಗೆ ಹೆಡ್‌ಸೆಟ್. ಕೆಲಸದ ಮುಕ್ಕಾಲು ಪಾಲು ಮಾತು.

ವಿಎ ಅಂದರೆ ಸೈನ್ಯದಿಂದ ಹೊರಬಂದವರಿಗೆ ಕೇಂದ್ರ ಸರ್ಕಾರವೇ ನಡೆಸುವ ಆರೋಗ್ಯ ವ್ಯವಸ್ಥೆ. ಸುಮಾರು 170 ಆಸ್ಪತ್ರೆ, ಸಾವಿರಕ್ಕೂ ಜಾಸ್ತಿ ಕ್ಲಿನಿಕ್, ಹೆಸರು ಬರೆಸಿದವರು 90 ಲಕ್ಷದಷ್ಟು. ಭಾರತದಲ್ಲಿ 2003ರಿಂದ ಇರುವ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಗೊತ್ತಿದ್ದವರಿಗೆ ಒಂದು ಅಂದಾಜು ಸಿಗುತ್ತದೆ. ಆದರೆ ಅಲ್ಲಿ ಪಾಲಿಕ್ಲಿನಿಕ್‌ನಿಂದ ಹೊರಗಿನ ಆಸ್ಪತ್ರೆಗೆ ಬರೆದುಕೊಡುವುದೇ ಹೆಚ್ಚು. ಇಲ್ಲಿ ವೈದ್ಯರು, ಲ್ಯಾಬ್, ಔಷಧಿ, ದಾಖಲೆ ಬಹುಮಟ್ಟಿಗೆ ಒಂದೇ ಇಲಾಖೆಯವು. ಒಬ್ಬ ರೋಗಿ ನಮ್ಮಲ್ಲಿಗೆ ಬಂದರೆ ಮುಂದಿನ ಇಪ್ಪತ್ತು ವರ್ಷವೂ ನಮ್ಮವರೇ ಆಗಿರುವ ಸಾಧ್ಯತೆ ಇದೆ. ಇದರಿಂದ ನನ್ನ ಕೆಲಸಕ್ಕೆ ದೊಡ್ಡ ಅನುಕೂಲ. ಯಾವುದನ್ನೂ ಇವತ್ತೇ ಮುಗಿಸಬೇಕು ಅನ್ನುವ ಆತುರ ಇಲ್ಲ.

ರೋಗ ಏನು ಅಂತ ಹೇಳುವುದು ವೈದ್ಯರ ಕೆಲಸ. ಅದಾದ ಮೇಲೆ ಶುಗರ್, ಬಿಪಿ, ಕೊಲೆಸ್ಟರಾಲ್, ನೋವು ಇಂಥವುಗಳ ಔಷಧಿ ಶುರು ಮಾಡುವುದು, ಏರಿಸುವುದು, ಇಳಿಸುವುದು, ನಿಲ್ಲಿಸುವುದು, ರಕ್ತಪರೀಕ್ಷೆ ಬರೆಯುವುದು ಎಲ್ಲಾ ನನ್ನ ಸಹಿಯಲ್ಲೇ ನಡೆಯುತ್ತದೆ. ವಿಎಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್‌ಗಳಿಗೆ ಹೀಗೆ ಔಷಧಿ ಬರೆಯುವ ಅವಕಾಶ 1995ರಿಂದ ಇದೆ. ಒಬ್ಬ ವೈದ್ಯರ ಪಟ್ಟಿಯಲ್ಲಿ ಸಾಧಾರಣವಾಗಿ 1200 ರೋಗಿಗಳು. ಜೊತೆಗೆ ಒಬ್ಬರು ನರ್ಸ್, ಒಬ್ಬರು ಸಹಾಯಕ ನರ್ಸ್, ಒಬ್ಬರು ಗುಮಾಸ್ತರು. ಇಂಥ ಕೆಲವು ತಂಡಗಳಿಗೆ ಸೇರಿ ನಾನೊಬ್ಬಳು. ವೈದ್ಯರಿಗೆ ಬಿಡುವಿಲ್ಲ, ನನಗೆ ಒಬ್ಬೊಬ್ಬರಿಗೂ ಅರ್ಧ ಗಂಟೆ ಇದೆ. ಈ ಅರ್ಧ ಗಂಟೆಯನ್ನು ಹೇಗೆ ಬಳಸುತ್ತೇನೆ ಅನ್ನುವುದನ್ನೇ ಇಲ್ಲಿ ಹೇಳಬೇಕು. ರೋಗಿಗಳ ಕತೆಗಳನ್ನು ಬೆರೆಸಿ, ಗುರುತು ಸಿಗದ ಹಾಗೆ ಬರೆದಿದ್ದೇನೆ.

ಮೊದಲ ಫೋನ್ ಕರೆಯಲ್ಲಿ ನಾನು "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಅಂತ ಕೇಳುವುದಿಲ್ಲ. ಕೇಳಿದರೆ ಬರುವ ಉತ್ತರ ಒಂದೇ, "ಯೆಸ್ ಮ್ಯಾಮ್". ಐವತ್ತು ವರ್ಷದ ಹಿಂದೆ ಸಾರ್ಜೆಂಟ್ ಎದುರು ನಿಂತು ಕಲಿತ ಉತ್ತರ ಅದು. ಅದರ ಬದಲು, "ಮನೆಯಲ್ಲಿರೋ ಬಾಟಲಿಗಳನ್ನೆಲ್ಲಾ ಅಡುಗೆಮನೆ ಟೇಬಲ್ ಮೇಲೆ ಇಡಿ ಸರ್, ನಾನು ಕಾಯ್ತೀನಿ" ಅನ್ನುತ್ತೇನೆ. ಕಾಯುತ್ತೇನೆ. ಡ್ರಾಯರ್ ಎಳೆಯುವ ಸದ್ದು, ಹೆಂಡತಿಯನ್ನು ಕೂಗುವ ಸದ್ದು, ನಾಯಿ ಬೊಗಳುವ ಸದ್ದು ಎಲ್ಲಾ ಕೇಳುತ್ತದೆ. ಆಮೇಲೆ ಒಂದೊಂದೇ ಲೇಬಲ್ ಓದಿಸುತ್ತೇನೆ. ಹೆಸರು, ಎಷ್ಟು ಎಂಜಿ, ತಾರೀಖು, ಒಳಗೆ ಎಷ್ಟು ಉಳಿದಿದೆ. 90 ದಿನಕ್ಕೆ ಕಳಿಸಿದ ಮಾತ್ರೆ ಐದು ತಿಂಗಳಾದರೂ ಅರ್ಧ ಬಾಟಲಿ ಇದ್ದರೆ ಬೇರೆ ಪ್ರಶ್ನೆಯೇ ಬೇಡ. "ಹೋದ ವಾರ ಎಷ್ಟು ಸಲ ತಪ್ಪಿಹೋಯ್ತು?" ಅಂತ ಕೇಳುತ್ತೇನೆ. ತಪ್ಪುವುದು ಸಹಜ ಅಂತ ಆ ಪ್ರಶ್ನೆಯಲ್ಲೇ ಇರುವುದರಿಂದ ನಿಜ ಹೇಳುತ್ತಾರೆ.

ಈ ಟೇಬಲ್ ಮೇಲೆ ಏನೇನು ಹೊರಬರುತ್ತದೆ ಅಂದರೆ! ವಿಎ ಕಳಿಸಿದ ಬಿಪಿ ಮಾತ್ರೆ ಒಂದು, ಪಕ್ಕದೂರಿನ ಖಾಸಗಿ ವೈದ್ಯರು ಬರೆದ ಅದೇ ಗುಂಪಿನ ಮಾತ್ರೆ ಇನ್ನೊಂದು. ಮಂಡಿನೋವಿಗೆ ಅಂಗಡಿಯಿಂದ ತಂದ ಐಬುಪ್ರೊಫೆನ್, ದಿನಕ್ಕೆ ಎಂಟು. ಕಿಡ್ನಿ ಯಾಕೆ ಸೋಲುತ್ತಿದೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಗೆ ಕೆಲವು ಸಲ ಉತ್ತರ ಅಲ್ಲೇ ಇರುತ್ತದೆ. ಇದು ಕಂಪ್ಯೂಟರ್‌ನಲ್ಲಿ ಎಲ್ಲೂ ಇರುವುದಿಲ್ಲ, ಯಾಕೆಂದರೆ ಅಂಗಡಿಯಲ್ಲಿ ಕೊಂಡದ್ದನ್ನು "ಔಷಧಿ" ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಣ್ಣದ ತೊಂದರೆ ಬೇರೆ. ವಿಎ ಔಷಧಿಗಳನ್ನು ಗುತ್ತಿಗೆಯ ಮೇಲೆ ಕೊಳ್ಳುತ್ತದೆ. ಗುತ್ತಿಗೆ ಬದಲಾದರೆ ಕಂಪನಿ ಬದಲು, ಕಂಪನಿ ಬದಲಾದರೆ ಮಾತ್ರೆಯ ಬಣ್ಣ, ಆಕಾರ ಬದಲು. ಹೋದ ಸಲ ಗುಲಾಬಿ ಇದ್ದ ಬಿಪಿ ಮಾತ್ರೆ ಲಿಸಿನೊಪ್ರಿಲ್ ಈ ಸಲ ಹಳದಿ. ಕೆಲವರು "ಇದು ತಪ್ಪಿ ಬಂದಿದೆ" ಅಂತ ಎತ್ತಿಡುತ್ತಾರೆ. ಇನ್ನು ಕೆಲವರು ಹೊಸ ಮಾತ್ರೆ ಅಂದುಕೊಂಡು ಗುಲಾಬಿ, ಹಳದಿ ಎರಡನ್ನೂ ನುಂಗುತ್ತಾರೆ, ಎದ್ದಾಗ ತಲೆ ಸುತ್ತುತ್ತದೆ. ಅದಕ್ಕೇ ಹೆಸರಿನ ಜೊತೆ ಬಣ್ಣವನ್ನೂ ಓದಿಸುತ್ತೇನೆ. ಊರಿನಲ್ಲೂ ಇದೇ ಕತೆ, ಅಲ್ವಾ? ಇಬ್ಬರು ಡಾಕ್ಟರು ಬರೆದ ಒಂದೇ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಎರಡು ಬ್ರ್ಯಾಂಡ್ ಹೆಸರಲ್ಲಿ ಒಂದೇ ಕವರ್‌ನಲ್ಲಿ ಸಿಗುತ್ತದೆ. ಹಬ್ಬಕ್ಕೆ ಹೋದಾಗ ನೆಂಟರ ಮನೆಯಲ್ಲೆಲ್ಲಾ ಕವರ್ ಬಿಚ್ಚಿಸುವುದು ನನಗೆ ಚಟವಾಗಿಬಿಟ್ಟಿದೆ.

ಹೊಸದಾಗಿ ಬರೆಯುವುದಕ್ಕಿಂತ ಇರುವುದನ್ನು ತೆಗೆಯುವುದರಲ್ಲೇ ನನ್ನ ಸಮಯ ಜಾಸ್ತಿ ಹೋಗುತ್ತದೆ. ಶುಗರ್ ವಿಷಯದಲ್ಲಂತೂ ಹೌದು. ಎಂಬತ್ತರ ಹತ್ತಿರದ ರೈತರೊಬ್ಬರು, ವಿಯೆಟ್ನಾಂನಲ್ಲಿ ಇದ್ದವರು. ಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, 6.3. ನೋಡಿದವರೆಲ್ಲಾ "ಭೇಷ್" ಅನ್ನುವ ಸಂಖ್ಯೆ. ಅವರು ತಗೊಳ್ಳುತ್ತಿದ್ದುದು ಇನ್ಸುಲಿನ್ ಮತ್ತು ಗ್ಲೈಬುರೈಡ್. ನಮ್ಮಲ್ಲಿ ಡಾವೊನಿಲ್ ಅಂತ ಸಿಗುತ್ತದಲ್ಲ, ಗ್ಲಿಬೆನ್‌ಕ್ಲಮೈಡ್, ಅದೇ. "ಬೆಳಿಗ್ಗೆ ಬೆವರುತ್ತಾ? ಕೈ ನಡುಗುತ್ತಾ? ಟ್ರ್ಯಾಕ್ಟರ್ ಮೇಲೆ ಕೂತಾಗ ಕಣ್ಣು ಮಂಜಾಗುತ್ತಾ?" ಅಂತ ಕೇಳಿದೆ. ಅವರು ಉತ್ತರಿಸುವ ಮೊದಲೇ ಹಿಂದಿನಿಂದ ಹೆಂಡತಿಯ ದನಿ: "ವಾರಕ್ಕೆರಡು ಸಲ ಆಗುತ್ತೆ, ಹೇಳಲ್ಲ ಇವರು." ಅವತ್ತೇ ಗ್ಲೈಬುರೈಡ್ ನಿಲ್ಲಿಸಿದೆ, ಇನ್ಸುಲಿನ್ ಇಳಿಸಿದೆ. ಶುಗರ್ 70ಕ್ಕಿಂತ ಕೆಳಗೆ ಹೋದರೆ ಅರ್ಧ ಕಪ್ ಹಣ್ಣಿನ ರಸ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಅಂತ ಇಬ್ಬರಿಗೂ ಹೇಳಿದೆ. ಅವರ ಎ1ಸಿ ಗುರಿ ಈಗ 7.5ರಿಂದ 8.5ರ ನಡುವೆ.

"ಶುಗರ್ ಎಷ್ಟು ಇಳಿದರೆ ಅಷ್ಟು ಒಳ್ಳೇದು" ಅನ್ನುವ ನಂಬಿಕೆಯನ್ನು ಅಲುಗಾಡಿಸಿದ ಅಧ್ಯಯನಗಳಲ್ಲಿ ಒಂದು ವಿಎಯಲ್ಲೇ ನಡೆದದ್ದು. 2009ರಲ್ಲಿ ಪ್ರಕಟವಾಯಿತು. 1791 ಮಾಜಿ ಸೈನಿಕರು, ಒಂದು ಗುಂಪಿನ ಎ1ಸಿ 6.9ಕ್ಕೆ ಇಳಿಯಿತು, ಇನ್ನೊಂದರದು 8.4ರಲ್ಲೇ ಉಳಿಯಿತು. ಹೃದಯಾಘಾತದಂಥ ದೊಡ್ಡ ಅನಾಹುತಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಲೋ ಶುಗರ್ ಮಾತ್ರ ಬಿಗಿ ಹಿಡಿದವರಲ್ಲೇ ಜಾಸ್ತಿ. ವಯಸ್ಸಾದ ರೋಗಿ "ಸಂಖ್ಯೆ ಏರಿಬಿಟ್ಟಿತಲ್ಲಾ" ಅಂತ ಬೇಸರ ಮಾಡಿಕೊಂಡಾಗ ನಾನು ಇದನ್ನೇ ಹೇಳುತ್ತೇನೆ. ನಿಮ್ಮಂಥವರ ಮೇಲೇ ನೋಡಿದ್ದು ಸರ್ ಅಂದರೆ ಕೇಳುತ್ತಾರೆ.

ಇನ್ಸುಲಿನ್ ನಿಲ್ಲಿಸಲು ಹೋದಾಗ ಬರುವ ಇನ್ನೊಂದು ಪ್ರಶ್ನೆಯನ್ನು ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ: "ನನ್ನ ಪರ್ಸೆಂಟ್ ಕಡಿಮೆಯಾಗುತ್ತಾ?" ಸೇವೆಯಿಂದ ಬಂದ ಕಾಯಿಲೆಗೆ ಇಲ್ಲಿ ಶೇಕಡಾ ಲೆಕ್ಕದಲ್ಲಿ ಪರಿಹಾರ ಕೊಡುತ್ತಾರೆ. ವಿಯೆಟ್ನಾಂನಲ್ಲಿ ಕಾಡಿಗೆ ಸುರಿದ ಏಜೆಂಟ್ ಆರೆಂಜ್‌ನಿಂದಾಗಿ ಅಲ್ಲಿದ್ದವರಿಗೆ ಟೈಪ್ 2 ಡಯಾಬಿಟಿಸ್ ಬಂದರೆ 2001ರಿಂದ ಅದನ್ನು ಸೇವೆಯ ಫಲ ಅಂತಲೇ ಒಪ್ಪುತ್ತಾರೆ. 2022ರ ಪ್ಯಾಕ್ಟ್ ಕಾಯ್ದೆ ಬಂದ ಮೇಲೆ ಬಿಪಿಯನ್ನೂ ಸೇರಿಸಿದರು. ಬರೀ ಪಥ್ಯಕ್ಕೆ ಶೇ. 10, ಮಾತ್ರೆ ಅಥವಾ ಇನ್ಸುಲಿನ್ ಜೊತೆ ಪಥ್ಯ ಇದ್ದರೆ 20, ಇನ್ಸುಲಿನ್ ಜೊತೆಗೆ ಓಡಾಟ, ಕೆಲಸಕ್ಕೂ ಕಡಿವಾಣ ಬೇಕಾದರೆ 40. ಒಟ್ಟು 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಔಷಧಿಗೆ ದುಡ್ಡು ಕೊಡಬೇಕಾಗಿಯೇ ಇಲ್ಲ. ಮನೆ ನಡೆಯುವುದೇ ಈ ಹಣದಿಂದ ಅನ್ನುವವರಿಗೆ "ಇನ್ಸುಲಿನ್ ಬೇಡ" ಅನ್ನುವುದು ಸಂತೋಷದ ಸುದ್ದಿ ಅಲ್ಲ. ಪರಿಹಾರ ನೋಡಿಕೊಳ್ಳುವ ವಿಭಾಗ ಬೇರೆ, ನನಗೂ ಅದಕ್ಕೂ ಸಂಬಂಧ ಇಲ್ಲ. ಹಾಗಂತ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಮಾಜಿ ಸೈನಿಕರಿಗೆ ಅರ್ಜಿ ತುಂಬಲು ಸಹಾಯ ಮಾಡುವ ಅಧಿಕಾರಿಗಳು ಇದ್ದಾರೆ, ಅವರ ಹತ್ತಿರ ಕಳಿಸುತ್ತೇನೆ. ಔಷಧಿಯ ನಿರ್ಧಾರ ಆಮೇಲೆ, ಇಬ್ಬರೂ ಸೇರಿ. ಲೋ ಶುಗರ್ ಆಗಿ ಬೀಳುತ್ತಿರುವವರ ವಿಷಯದಲ್ಲಿ ಮಾತ್ರ ಕಾಯುವುದಿಲ್ಲ.

ಇನ್ಸುಲಿನ್ ಬೇಕೇಬೇಕಾದವರೂ ಇದ್ದಾರೆ. ರಾತ್ರಿ ಸ್ವಲ್ಪದರಲ್ಲಿ ಶುರು ಮಾಡಿ, ಬೆಳಗಿನ ಶುಗರ್ ನೋಡಿಕೊಂಡು ಮೂರು ದಿನಕ್ಕೊಮ್ಮೆ ಎರಡು ಯೂನಿಟ್ ಏರಿಸುವುದು ಮಾಮೂಲಿ ಕ್ರಮ. ಲಾರಿ ಓಡಿಸುವವರು ಇನ್ಸುಲಿನ್ ಅಂದರೆ ಲೈಸೆನ್ಸ್ ಹೋಯಿತು ಅಂತ ಹೆದರುತ್ತಾರೆ. 2018ರಲ್ಲಿ ಆ ನಿಯಮ ಸಡಿಲವಾಗಿದೆ, ವೈದ್ಯರು ಒಂದು ಫಾರಂ ತುಂಬಿಕೊಟ್ಟರೆ ಓಡಿಸಬಹುದು. ಇದನ್ನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮಿಕ್ಕ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ.

ಬಿಪಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯ ಮೀಟರ್, ಉಪ್ಪು, ಡಬ್ಬಿ ಸೂಪು, ಇವು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಒಂದು ಸಂಗತಿ ನನಗೆ ಇಷ್ಟ. ಬಿಪಿಗೆ ಔಷಧಿ ಕೊಟ್ಟರೆ ನಿಜಕ್ಕೂ ಪ್ರಯೋಜನ ಇದೆಯಾ ಅನ್ನುವುದೇ 1960ರ ದಶಕದಲ್ಲಿ ಇತ್ಯರ್ಥವಾಗಿರಲಿಲ್ಲ. ವಿಎಯ ಡಾ. ಎಡ್ವರ್ಡ್ ಫ್ರೈಸ್ ಮತ್ತು ಜೊತೆಗಾರರು 143 ಗಂಡಸರ ಮೇಲೆ ನೋಡಿ, 1967ರಲ್ಲಿ, ಕೆಳಗಿನ ಬಿಪಿ 115ರಿಂದ 129 ಇದ್ದವರಿಗೆ ಔಷಧಿ ಕೊಟ್ಟರೆ ಅನಾಹುತ ತಪ್ಪುತ್ತದೆ ಅಂತ ತೋರಿಸಿದರು. ಅವರು ಕೊಟ್ಟ ಮೂರು ಔಷಧಿಗಳಲ್ಲಿ ಒಂದು ರಿಸರ್ಪಿನ್. ಅದು ನಮ್ಮ ಸರ್ಪಗಂಧದ ಬೇರಿನಿಂದ ಬಂದದ್ದು! ಅದಕ್ಕೂ ಮುಂಚೆ, 1949ರಲ್ಲೇ, ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಆ ಬೇರಿನ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದಿದ್ದರು. ಈಗ ಅದನ್ನು ಬಳಸುವುದು ತೀರಾ ಅಪರೂಪ.

ಮನಸ್ಸಿಗೆ, ನಿದ್ದೆಗೆ ಕೊಟ್ಟ ಮಾತ್ರೆಗಳನ್ನು ಬಿಡಿಸುವುದು ಎಲ್ಲಕ್ಕಿಂತ ನಿಧಾನದ ಕೆಲಸ. ಯುದ್ಧದ ನೆನಪು ಕಾಡುವವರಿಗೆ ಕ್ಲೊನಜೆಪಾಮ್‌ನಂಥ ಮಾತ್ರೆ ಬೇಡ ಅಂತ ಈಗಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಇಪ್ಪತ್ತು ವರ್ಷದಿಂದ ನುಂಗುತ್ತಿರುವವರಿಗೆ ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10 ಇಳಿಸುತ್ತೇನೆ. ಮಧ್ಯೆ ಮನೆಯಲ್ಲಿ ಸಾವು, ಮಗಳ ವಿಚ್ಛೇದನ, ಏನೋ ಒಂದು ಬರುತ್ತದೆ. ಆಗ ಇದ್ದಲ್ಲೇ ನಿಲ್ಲುತ್ತೇವೆ. ಕೆಟ್ಟ ಕನಸಿಗೆ ಪ್ರಜೋಸಿನ್ ಕೊಡುತ್ತೇವೆ. ಮೂಲತಃ ಬಿಪಿ ಮಾತ್ರೆ. ಮಲಗುವಾಗ 1 ಎಂಜಿಯಿಂದ ಶುರು. ರಾತ್ರಿ ಎದ್ದರೆ ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ ಅಂತ ಎರಡೆರಡು ಸಲ ಹೇಳಬೇಕು. 2018ರ ದೊಡ್ಡ ಅಧ್ಯಯನದಲ್ಲಿ ಅದು ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಮೇಲು ಅಂತ ಕಾಣಲಿಲ್ಲ. ಆದರೂ 2023ರ ಮಾರ್ಗಸೂಚಿ ಕೆಟ್ಟ ಕನಸಿಗೆ ಅದನ್ನು ಸೂಚಿಸುತ್ತದೆ. ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಾಡದಿದ್ದರೆ ಸುಮ್ನೆ ಎಳೆಯುವುದಿಲ್ಲ, ತೆಗೆದುಬಿಡುತ್ತೇನೆ.

ಬಂದೂಕಿನ ಪ್ರಶ್ನೆಯನ್ನೂ ಕೇಳಬೇಕು. ನನ್ನ ಜೊತೆಗಾರರಲ್ಲಿ ಕೆಲವರಿಗೆ ಇದು ಬಾಯಿಗೆ ಬರುವುದಿಲ್ಲ. ನಾನು ಕೊಡಗಿನ ಸೋಮವಾರಪೇಟೆ ಕಡೆಯವಳು. ಗೋಡೆಯ ಮೇಲೆ ಕೋವಿ, ಮೂಲೆಯಲ್ಲಿ ನಿವೃತ್ತ ಸುಬೇದಾರರು, ಬೀರುವಿನಲ್ಲಿ ಮಿಲಿಟರಿ ಕ್ಯಾಂಟೀನಿನ ರಮ್ಮು ಇರುವ ಮನೆಗಳನ್ನು ನೋಡಿಯೇ ಬೆಳೆದದ್ದು. ಹಾಗಾಗಿ "ಮನೆಯಲ್ಲಿ ಗನ್ ಇದೆಯಾ, ಹೇಗೆ ಇಟ್ಟಿದ್ದೀರಿ, ದಿನಕ್ಕೆ ಎಷ್ಟು ಪೆಗ್?" ಅಂತ ಹವಾಮಾನ ಕೇಳಿದಷ್ಟೇ ಸಲೀಸಾಗಿ ಕೇಳುತ್ತೇನೆ. ಬೀಗ ಬೇಕಿದ್ದರೆ ವಿಎ ಉಚಿತವಾಗಿ ಕೊಡುತ್ತದೆ. "ಸಾಯುವ ಯೋಚನೆ ಬರುತ್ತಾ?" ಅಂತಲೂ ನೇರವಾಗಿ ಕೇಳುತ್ತೇನೆ. ಹೌದು ಅಂದರೆ ಫೋನ್ ಇಡುವುದಿಲ್ಲ, ಅದೇ ಕರೆಯಲ್ಲಿ ಮಾನಸಿಕ ಆರೋಗ್ಯ ತಂಡದವರನ್ನು ಸೇರಿಸುತ್ತೇನೆ. 988ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರಿಗಾಗಿಯೇ ಇರುವ ಸಹಾಯವಾಣಿ ಸಿಗುತ್ತದೆ ಅಂತ ಬರೆಸಿಯೂ ಇಡುತ್ತೇನೆ. ಅಂಥವರಿಗೆ 90 ದಿನದ ಮಾತ್ರೆ ಒಟ್ಟಿಗೆ ಹೋಗುವುದಿಲ್ಲ, ಎರಡೆರಡು ವಾರದ್ದು ಮಾತ್ರ.

ಕರ್ನಾಟಕದಿಂದ ಫಾರ್ಮ್‌ಡಿ (ಫಾರ್ಮಸಿಯ ಡಾಕ್ಟರ್ ಪದವಿ) ವಿದ್ಯಾರ್ಥಿಗಳು ಈ ಕೆಲಸಕ್ಕೆ ಬರುವ ದಾರಿ ಆಗಾಗ ಕೇಳುತ್ತಾರೆ. ನಾನು ಮೈಸೂರಿನಲ್ಲಿ ನಾಲ್ಕು ವರ್ಷದ ಬಿ.ಫಾರ್ಮ್ ಮಾಡಿದವಳು. 2003ರ ನಂತರ ಮುಗಿಸಿದವರಿಗೆ ಕನಿಷ್ಠ ಐದು ವರ್ಷದ ಓದು ಇರಬೇಕು ಅನ್ನುವ ನಿಯಮದಿಂದ ವಿದೇಶಿ ಪದವೀಧರರ ಪರೀಕ್ಷೆಗೇ ಕೂರಲಾಗಲಿಲ್ಲ. ಇಲ್ಲೇ ಫಾರ್ಮ್‌ಡಿ ಓದಿ, ಒಂದು ವರ್ಷ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ತರಬೇತಿ, ಮಾಡಿದೆ. ನಮ್ಮಲ್ಲಿ 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್‌ಡಿ ಮುಗಿಸಿದವರಿಗೆ ಆ ಅಡ್ಡಿ ಇಲ್ಲ. ಅವರ ದಾರಿ ಹೀಗೆ: ವಿದೇಶಿ ಪದವೀಧರರ ಪರೀಕ್ಷೆ ಎಫ್‌ಪಿಜಿಇಇ, ಇಂಗ್ಲಿಷಿನ ಟೋಫೆಲ್, ಆಮೇಲೆ ಇಂಟರ್ನ್ ಗಂಟೆಗಳು, ಲೈಸೆನ್ಸಿಗಾಗಿ ನ್ಯಾಪ್ಲೆಕ್ಸ್ ಪರೀಕ್ಷೆ. ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ವಿಎಯಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು. ಆದರೆ ಅಮೆರಿಕದ ಪೌರತ್ವ ಇದ್ದವರಿಗೇ ಮೊದಲ ಆದ್ಯತೆ, ಅರ್ಹ ಪೌರರು ಸಿಗದಿದ್ದಾಗ ಮಾತ್ರ ಬೇರೆಯವರು. ಎಚ್‌1ಬಿ ವೀಸಾದಲ್ಲಿ ನೇರವಾಗಿ ಇಲ್ಲಿಗೇ ಬರುತ್ತೇನೆ ಅನ್ನುವವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಔಷಧಿ ಬರೆಯುವ ಅಧಿಕಾರವೂ ಡಿಗ್ರಿಯ ಜೊತೆ ಬರುವುದಿಲ್ಲ. ಅದನ್ನು ಆಯಾ ಆಸ್ಪತ್ರೆ, ಒಬ್ಬೊಬ್ಬರ ಹೆಸರಿಗೆ, ಯಾವ ಯಾವ ಕಾಯಿಲೆ ಅಂತ ನೋಡಿ ಕೊಡುತ್ತದೆ. ಕೊಟ್ಟ ಮೇಲೂ ನಾನು ಬರೆದ ಟಿಪ್ಪಣಿಗಳಲ್ಲಿ ಕೆಲವನ್ನು ಇನ್ನೊಬ್ಬ ಫಾರ್ಮಸಿಸ್ಟ್ ಆಗಾಗ ತೆಗೆದು ಓದುತ್ತಾರೆ. ಇನ್ಸುಲಿನ್ ಯಾಕೆ ಇಳಿಸಿದೆ, ಯಾವ ಲ್ಯಾಬ್ ನೋಡಿದೆ, ಮುಂದಿನ ಕರೆ ಯಾವಾಗ ಅನ್ನುವುದು ಅದರಲ್ಲಿ ಇರಬೇಕು. ನಾಳೆ ಬೇರೆ ರಾಜ್ಯದ ವಿಎಗೆ ಹೋದರೆ ಲೈಸೆನ್ಸ್ ಇದೇ ಸಾಕು, ಈ ಅಧಿಕಾರವನ್ನು ಮಾತ್ರ ಅಲ್ಲಿ ಮೊದಲಿಂದ ಕೇಳಿ ಪಡೆಯಬೇಕು.